ಜನರೇಟರ್ ಪಕ್ಕದ ಬೇಸ್ ಗಿಟಾರ್

ಮಂಡ್ಯ ಸೀಮೆಯ ಹಳ್ಳಿಹಬ್ಬಗಳ ರಸಮಂಜರಿಯಲ್ಲಿ ಬೇಸ್ ಗಿಟಾರಿನ ಟೋನ್ ಹೇಗಿರಬೇಕೆಂದು ತೀರ್ಮಾನಿಸುವವರ ಸಾಲಿನಲ್ಲಿ ನುಡಿಸುವವನಿಗೆ ಕೊನೇ ಜಾಗ. ಅವನಿಗಿಂತ ಮುಂದೆ ಜನರೇಟರ್ ಇರುತ್ತದೆ, ಸೀರಿಯಲ್ ಸೆಟ್ ಇರುತ್ತದೆ, ಗಾಯಕರ ಶ್ರುತಿ ಇರುತ್ತದೆ, ಕೀಬೋರ್ಡಿನವರ ಎಡಗೈ ಇರುತ್ತದೆ. ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಎಷ್ಟೇ ಚಂದದ ಸದ್ದು ಹುಟ್ಟಿಸಿಕೊಂಡು ಹೊರಟರೂ ನಾಗಮಂಗಲದ ಬಯಲಲ್ಲಿ ಅದು ಹಾಗೇ ಕೇಳಿಸುತ್ತದೆಂಬ ಗ್ಯಾರಂಟಿ ಇಲ್ಲ. ವಾರದ ದಿನಗಳಲ್ಲಿ ಬೇರೆ ಕೆಲಸ, ಹಬ್ಬದ ಸೀಸನ್ನಿನಲ್ಲಿ ಆರ್ಕೆಸ್ಟ್ರಾ. ಹೀಗೆ ಹಲವು ವರ್ಷ ನುಡಿಸುತ್ತ ನನ್ನ ಬೇಸ್ ಬದಲಾಗಿದೆ, ತಂತಿ ಬದಲಾಗಿದೆ, ಗುಂಡಿ ತಿರುಗಿಸುವ ಅಭ್ಯಾಸವೂ ಬದಲಾಗಿದೆ.

ನಮ್ಮ ಕಡೆ ಎಷ್ಟೋ ತಂಡಗಳಲ್ಲಿ ಬೇಸ್ ನುಡಿಸುವವರೇ ಇರುವುದಿಲ್ಲ. ಕೀಬೋರ್ಡಿನವರು ಎಡಗೈಯಲ್ಲೇ ಆ ಕೆಲಸ ಮುಗಿಸುತ್ತಾರೆ, ಒಂದು ಆಳಿನ ಪೇಮೆಂಟ್ ಉಳಿಯುತ್ತದೆ. ಹಾಗಿದ್ದೂ ನನ್ನಂಥವರನ್ನು ಕರೆಯುವುದು ಹಳೆಯ ಹಾಡುಗಳಿಗಾಗಿ. ಮೈಸೂರಿನ ಶಿವರಾಮಪೇಟೆಯಿಂದ ಹೋದ ರಾಜನ್–ನಾಗೇಂದ್ರ ಅವರ ಹಾಡುಗಳನ್ನೇ ತೆಗೆದುಕೊಳ್ಳಿ. ಇಳಯರಾಜ ಅವರಂತೂ ಬೇಸ್ ಗಿಟಾರಿಗೆ ಹಾಡಿನೊಳಗೇ ಇನ್ನೊಂದು ಹಾಡು ಬರೆದುಕೊಟ್ಟವರು. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರಿಸುವುದು, ಸ್ವರವನ್ನು ಅರ್ಧಕ್ಕೇ ಕತ್ತರಿಸಿ ನಿಲ್ಲಿಸುವುದು, ಇವೆಲ್ಲ ಕೀಬೋರ್ಡಿನ ಎಡಗೈಗೆ ಬಗ್ಗುವ ಕೆಲಸವಲ್ಲ.

ನಾನು ಶುರುಮಾಡಿದ್ದು ಜಾಝ್ ಬೇಸ್ ಮಾದರಿಯ ವಾದ್ಯದಲ್ಲಿ. ಅಮೆರಿಕದ ಗಿಟಾರ್ ಕಂಪನಿ ಫೆಂಡರ್ 1951ರಲ್ಲಿ ಪ್ರಿಸಿಶನ್ ಬೇಸ್ ತಂದಿತು, 1960ರಲ್ಲಿ ಜಾಝ್ ಬೇಸ್. ಇವತ್ತಿಗೂ ಅಂಗಡಿಯಲ್ಲಿ ನೇತುಹಾಕಿರುವ ಬೇಸುಗಳಲ್ಲಿ ಬಹುಪಾಲು ಈ ಎರಡರ ವಂಶದವೇ. ಜಾಝ್ ಬೇಸಿನ ಕತ್ತು ತಲೆಯ ಹತ್ತಿರ ಸುಮಾರು 38 ಮಿಲಿಮೀಟರ್ ಅಗಲ, ಕೈಗೆ ಹಗುರ. ಅದರಲ್ಲಿ ಎರಡು ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಅಯಸ್ಕಾಂತದ ಸುರುಳಿಗಳು. ತಂತಿಗಳ ಬುಡ ಕೂರುವ ಪಟ್ಟಿಗೆ ಸೇತುವೆ ಅನ್ನುತ್ತೇವೆ; ಆ ಸೇತುವೆ ಪಕ್ಕದ ಪಿಕಪ್ ಒಂದನ್ನೇ ಏರಿಸಿದರೆ ಗೊಗ್ಗರು ದನಿಯಲ್ಲಿ ಮಾತಾಡಿದ ಹಾಗೆ ಒಂದು ಸದ್ದು ಬರುತ್ತದೆ. ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಕೇಳಿದವರಿಗೆ ಅದು ಗೊತ್ತು. ನನಗೆ ಅದೇ ಹುಚ್ಚು.

ಆದರೆ ಜಾಝ್ ಬೇಸಿನ ಪಿಕಪ್ಪುಗಳು ಒಂದೊಂದೂ ಒಂಟಿ ಸುರುಳಿಯವು. ಸುತ್ತಲಿನ ವಿದ್ಯುತ್ತಿನ ಗದ್ದಲವನ್ನೂ ಅವು ತಂತಿಯ ಸದ್ದಿನಷ್ಟೇ ಪ್ರೀತಿಯಿಂದ ಹಿಡಿದುಕೊಳ್ಳುತ್ತವೆ. ಎರಡೂ ವಾಲ್ಯೂಮ್ ಸಮ ಇಟ್ಟರೆ ಒಂದರ ಗುಂಯ್ ಸದ್ದನ್ನು ಇನ್ನೊಂದು ಹೊಡೆದುಹಾಕುತ್ತದೆ. ಒಂದನ್ನು ಇಳಿಸಿದಿರೋ, ಮುಗಿಯಿತು. ಹಬ್ಬದ ವೇದಿಕೆಯ ಹಿಂದೆ ಡೀಸೆಲ್ ಜನರೇಟರ್, ತಲೆಯ ಮೇಲೆ ಡಿಮ್ಮರ್ ಹಾಕಿದ ಲೈಟು, ದೇವರ ಕಟೌಟಿನ ಸುತ್ತ ಓಡುವ ಸೀರಿಯಲ್ ಸೆಟ್. ಲೈಟು ಓಡಿದ ತಾಳಕ್ಕೇ ಸ್ಪೀಕರಿನಲ್ಲಿ ಗುಂಯ್ ಓಡುತ್ತಿತ್ತು. ಅಂದರೆ ನಾನು ಆಸೆಪಟ್ಟು ಕೊಂಡ ಸದ್ದನ್ನೇ ವೇದಿಕೆಯ ಮೇಲೆ ಬಳಸುವ ಹಾಗಿರಲಿಲ್ಲ.

ಪ್ರಿಸಿಶನ್ನಿನಲ್ಲಿ ಈ ರಗಳೆ ಇಲ್ಲ. 1957ರಿಂದ ಅದರ ಪಿಕಪ್ ಎರಡು ತುಂಡು: ದಪ್ಪ ತಂತಿ ಎರಡಕ್ಕೆ ಒಂದು, ಸಣ್ಣ ತಂತಿ ಎರಡಕ್ಕೆ ಒಂದು. ಎರಡೂ ಸೇರಿ ಗದ್ದಲವನ್ನು ತಾವೇ ಕಳೆದುಹಾಕುತ್ತವೆ. ಒಂದು ವಾಲ್ಯೂಮ್, ಒಂದು ಟೋನ್, ಅಷ್ಟೇ. ಬ್ಯಾಟರಿ ಇಲ್ಲ. ಸದ್ದು ಒಂದೇ ಥರ ಅಂತ ಮೂಗು ಮುರಿಯುವ ಹುಡುಗರಿದ್ದಾರೆ, ನಿಜವೂ ಹೌದು. ಆ ಒಂದೇ ಥರದ ಸದ್ದು ಹಾಡಿನ ನಡುವೆ ಎಲ್ಲಿ ಕೂರಬೇಕೋ ಅಲ್ಲಿ ಕೂರುತ್ತದೆ ಎನ್ನುವುದು ನನಗೆ ಸಾಕಾಯಿತು.

ಈಗ ಟೋನಿನ ವಿಷಯ. ನಾಲ್ಕು ತಂತಿಯ ಬೇಸಿನಲ್ಲಿ ಎಲ್ಲಕ್ಕಿಂತ ದಪ್ಪದ ಇ ತಂತಿ ಕಂಪಿಸುವುದು ಸೆಕೆಂಡಿಗೆ 41 ಬಾರಿ, ಅಂದರೆ 41 ಹರ್ಟ್ಸ್. ಹಳ್ಳಿಗೆ ಬರುವ ಎಷ್ಟೋ ಸ್ಪೀಕರ್ ಡಬ್ಬಗಳು ಅಷ್ಟು ಕೆಳಗಿನ ಸದ್ದನ್ನು ಗಟ್ಟಿಯಾಗಿ ಹೊರಡಿಸುವುದೇ ಇಲ್ಲ. ಆದರೂ ಜನಕ್ಕೆ ಆ ಸ್ವರ ಕೇಳಿಸುತ್ತದೆ, ಯಾಕೆಂದರೆ ಅದರ ಮೇಲಿನ 82, 123, 164 ಹರ್ಟ್ಸಿನ ಉಪಸ್ವರಗಳು ಕೇಳಿಸಿದರೆ ಸಾಕು, ತಳದ್ದನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಆದ್ದರಿಂದ ಬೇಸ್ ಕೇಳಿಸ್ತಿಲ್ಲ ಅಂತ ಯಾರಾದರೂ ಕೈಸನ್ನೆ ಮಾಡಿದರೆ ನಾನು ಬೇಸ್ ಗುಂಡಿ ಮುಟ್ಟುವುದಿಲ್ಲ. ತಳವನ್ನು ಸ್ವಲ್ಪ ಕಡಿಮೆ ಮಾಡಿ ಮಿಡ್, ಅಂದರೆ ನಡುವಿನ ಸದ್ದನ್ನು ಏರಿಸುತ್ತೇನೆ. ತಳದ ಜಾಗದಲ್ಲಿ ಆಗಲೇ ಎಲೆಕ್ಟ್ರಾನಿಕ್ ಡ್ರಮ್ಮಾದ ಆಕ್ಟೋಪ್ಯಾಡಿನ ಕಿಕ್ ಸದ್ದು ಕಾಲು ಚಾಚಿ ಮಲಗಿರುತ್ತದೆ, ಅದರ ಮೇಲೆ ನಾನೂ ಹೋಗಿ ಬಿದ್ದರೆ ಇಬ್ಬರೂ ಕೇಳಿಸುವುದಿಲ್ಲ. ಒಬ್ಬನೇ ನುಡಿಸಿದಾಗ ಈ ಟೋನ್ ಒಣಕಲಾಗಿ, ಮೂಗಿನಲ್ಲಿ ಹಾಡಿದ ಹಾಗಿರುತ್ತದೆ. ಸೌಂಡ್ ಚೆಕ್ ನೋಡಲು ಬಂದ ಗೆಳೆಯರು ಇದೇನ್ ಗುರು ಹಿಂಗಿದೆ ಅಂದದ್ದೂ ಉಂಟು. ಹಾಡು ಶುರುವಾದ ಮೇಲೆ ಕೇಳಿ ಅನ್ನುತ್ತೇನೆ.

ಕಲ್ಯಾಣ ಮಂಟಪದ ಕಥೆ ಪೂರಾ ಉಲ್ಟಾ. ಅಲ್ಲಿ ಗೋಡೆಗಳೇ ಒಂದೆರಡು ಸ್ವರಗಳನ್ನು ಎತ್ತಿ ಮೆರೆಸುತ್ತವೆ. ಮಿಕ್ಕ ಸ್ವರ ಎಲ್ಲ ಸರಿ, ಒಂದು ಸ್ವರ ಮಾತ್ರ ಊಟದ ಹಾಲಿನ ತಟ್ಟೆ ಅಲುಗಾಡುವಷ್ಟು. ಅಂಥ ಕಡೆ ಆ ಸ್ವರವನ್ನು ಮೊದಲೇ ಹುಡುಕಿಟ್ಟುಕೊಂಡು ಅದು ಬಂದಾಗಲೆಲ್ಲ ಮೆಲ್ಲಗೆ ಮೀಟುತ್ತೇನೆ, ಇಲ್ಲವೇ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತೇನೆ.

ತಂತಿಯ ಬಗ್ಗೆ ನಮ್ಮವರಲ್ಲಿ ಜಗಳವೇ ನಡೆಯುತ್ತದೆ. ದುಂಡು ಎಳೆ ಸುತ್ತಿದ ಹೊಸ ರೌಂಡ್‌ವೂಂಡ್ ತಂತಿ ಝಣ್ ಅನ್ನುತ್ತದೆ. 1960ರ ದಶಕದಲ್ಲಿ ರೋಟೋಸೌಂಡ್‌ನಂಥ ತಂತಿ ಕಂಪನಿಯವರು ಬೇಸ್ ಗಿಟಾರಿಗೆ ಅದನ್ನು ತಂದಮೇಲೆ ರಾಕ್ ಬೇಸಿನ ಸದ್ದೇ ಬದಲಾಯಿತು. ನಾನು ಹಾಕುವುದು ಚಪ್ಪಟೆ ಪಟ್ಟಿ ಸುತ್ತಿದ ಫ್ಲಾಟ್‌ವೂಂಡ್. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಪ್ರಿಸಿಶನ್ನಿಗೆ ದಪ್ಪ ಫ್ಲಾಟ್‌ವೂಂಡ್ ಹಾಕಿ, ಬಲಗೈಯ ಒಂದೇ ತೋರುಬೆರಳಿನಲ್ಲಿ ಮೀಟಿ ಅಷ್ಟೊಂದು ಹಾಡುಗಳನ್ನು ಹೊತ್ತವರು. ತಂತಿ ಹರಿಯುವ ತನಕ ಬದಲಿಸುತ್ತಿರಲಿಲ್ಲವಂತೆ. ನನಗೂ ಆ ಜಿಪುಣತನ ಇಷ್ಟ. ಬೇಸಿಗೆಯ ಹಬ್ಬಗಳಲ್ಲಿ ಕೈ ಬೆವರಿಗೆ ರೌಂಡ್‌ವೂಂಡ್ ಬೇಗ ಮಂಕಾಗುತ್ತದೆ, ಸುತ್ತಿನ ಸಂದಿಯಲ್ಲೆಲ್ಲ ಕೊಳೆ. ಫ್ಲಾಟ್‌ವೂಂಡಿಗೆ ದುಡ್ಡು ಜಾಸ್ತಿ, ಆದರೆ ವರ್ಷಗಟ್ಟಲೆ ಬರುತ್ತದೆ; ಹಳತಾದಷ್ಟೂ ಸದ್ದು ಹದವಾಗುತ್ತದೆ. ಸೇತುವೆಯ ಬಳಿ ತಂತಿಗಳ ಕೆಳಗೆ ಒಂದು ತುಂಡು ಸ್ಪಂಜು ತುರುಕಿದರೆ ಸ್ವರ ಎಳೆಯದೆ ಟಪ್ ಅಂತ ನಿಲ್ಲುತ್ತದೆ, ಹಳೆಯ ಹಾಡಿಗೆ ಹೇಳಿ ಮಾಡಿಸಿದ ಸದ್ದು. ಹೆಬ್ಬೆರಳಿನಿಂದ ತಂತಿಗೆ ಬಡಿದು ಸ್ಲ್ಯಾಪ್ ಹೊಡೆಯುವ ಆಸೆ ಇದ್ದವರಿಗೆ ಇದು ಸಲ್ಲದು. ಮೈಸೂರಿನ ಕಾಲೇಜು ಹುಡುಗರ ಜೊತೆ ನುಡಿಸುವಾಗ ನಾನೂ ರೌಂಡ್‌ವೂಂಡ್ ಹಾಕಿದ ಹಳೇ ಜಾಝ್ ಬೇಸನ್ನೇ ಒಯ್ಯುತ್ತೇನೆ.

ಐದು ತಂತಿ ಬೇಕೋ ಬೇಡವೋ ಎನ್ನುವುದನ್ನು ನಮ್ಮಲ್ಲಿ ತೀರ್ಮಾನಿಸುವವರು ಗಾಯಕರು. ರೆಕಾರ್ಡಿನ ಶ್ರುತಿಗೆ ಗಂಟಲು ಏರದಿದ್ದರೆ ವೇದಿಕೆಯ ಮೇಲೇ ಎರಡೂವರೆ ಮನೆಗೆ ಇಳಿಸಿ ಅನ್ನುತ್ತಾರೆ. ಎರಡೂವರೆ ಮನೆ ಅಂದರೆ ಡಿ ಶಾರ್ಪ್. ನಾಲ್ಕು ತಂತಿಯ ಬೇಸ್ ಇ ಸ್ವರಕ್ಕೇ ನಿಂತುಹೋಗುತ್ತದೆ, ಷಡ್ಜ ಅದಕ್ಕಿಂತ ಅರ್ಧ ಮನೆ ಕೆಳಗೆ! ಮೇಲಿನ ಸ್ಥಾಯಿಯ ಷಡ್ಜದಲ್ಲಿ ಕೂತರೆ ಹಾಡಿಗೆ ತಳವೇ ಇಲ್ಲದಂತಾಗುತ್ತದೆ. ಅದಕ್ಕೇ ಐದು ತಂತಿಯದನ್ನು ಕೊಂಡು ಒಂದು ಸೀಸನ್ ನುಡಿಸಿದೆ. ಕೆಳಗಿನ ಬಿ ತಂತಿ 31 ಹರ್ಟ್ಸು, ನಮ್ಮ ಸ್ಪೀಕರುಗಳಲ್ಲಿ ಅದು ಸ್ವರವಲ್ಲ, ಬರೀ ಗಾಳಿ. ತಂತಿಗಳ ನಡುವಿನ ಅಂತರವೂ ಕಿರಿದು. ಅದನ್ನು ಮಾರಿ, ನಾಲ್ಕು ತಂತಿಯ ಪ್ರಿಸಿಶನ್ನನ್ನೇ ಪೂರ್ತಿ ಅರ್ಧ ಮನೆ ಇಳಿಸಿ ಶ್ರುತಿ ಮಾಡಿಕೊಂಡೆ. ಬಿಗಿ ಸಡಿಲವಾಗದಿರಲೆಂದು ಒಂದು ಗೇಜ್ ದಪ್ಪ ತಂತಿ. ಬಿಗಿ ಬದಲಾದರೆ ಕತ್ತೂ ಅಲುಗುತ್ತದೆ, ಆದ್ದರಿಂದ ಕತ್ತಿನ ಬಾಗು ಸರಿಪಡಿಸುವ ಒಳಗಿನ ಸರಳನ್ನು, ಅಂದರೆ ಟ್ರಸ್ ರಾಡನ್ನು, ಅಲೆನ್ ಕೀಯಿಂದ ಕಾಲು ಸುತ್ತಿನಷ್ಟು ತಿರುಗಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ನೋಡಬೇಕು.

ಕೀಬೋರ್ಡಿನವರಿಗೆ ಈ ಯಾವ ಪಾಡೂ ಇಲ್ಲ. ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಸಿ ಸ್ವರದಲ್ಲೇ ಆರಾಮಾಗಿ ಕೂರುತ್ತಾರೆ. ಹೊಸದಾಗಿ ಸೇರಿದ ಬೇಸಿನ ಹುಡುಗರಿಗೆ ನಾನು ಹೇಳುವುದು ಇದನ್ನೇ: ಅವರ ಬೆರಳು ನೋಡಿ ನುಡಿಸಬೇಡಿ. ಬೆರಳು ಸಿ ಮೇಲಿರುತ್ತದೆ, ಸದ್ದು ಡಿ ಶಾರ್ಪಿನಲ್ಲಿರುತ್ತದೆ.

ಮರದ ವಿಚಾರ ಕೇಳುವವರೂ ಇದ್ದಾರೆ. ಬೆರಳುಹಲಗೆಯ ರೋಸ್‌ವುಡ್ ಅಂದರೆ ನಮ್ಮ ಬೀಟೆ ಮರ, ಮೈಸೂರಿನ ಕುಸುರಿ ಕೆಲಸದವರು ಚಿತ್ರ ಕೂರಿಸುವ ಅದೇ ಮರ. 2017ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟು ಬಂದು ಗಿಟಾರ್ ಕಂಪನಿಗಳು ಬೇರೆ ಮರ ಹುಡುಕಿದವು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಮುಟ್ಟಲು ಬೀಟೆಯೇ ನನಗೆ ಹಿತ. ವೇದಿಕೆಯ ಮುಂದೆ ನಿಂತವರಿಗೆ ಅದರ ವ್ಯತ್ಯಾಸ ಕೇಳಿಸುತ್ತದೆ ಅಂತ ಮಾತ್ರ ನಾನು ನಂಬಿಲ್ಲ.

ಟೋನಿಗಿಂತ ಮುಖ್ಯವಾದದ್ದು ಅರ್ತಿಂಗ್. ಬಯಲಿನ ವೇದಿಕೆಗಳಲ್ಲಿ ಅರ್ತ್ ಸರಿಯಾಗಿ ಕೊಟ್ಟಿರುವುದಿಲ್ಲ. ಬೇಸಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಮೈಗೆ ಸೇರಿರುತ್ತವೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ ಎರಡೂ ಒಟ್ಟಿಗೆ ಇದ್ದರೆ ಪ್ರಾಣಕ್ಕೇ ಸಂಚಕಾರ. ನುಡಿಸುವ ಮೊದಲು ಮೈಕಿನ ಜಾಲರಿಗೂ ತಂತಿಗೂ ಟೆಸ್ಟರ್ ಇಟ್ಟು ನೋಡುತ್ತೇನೆ. ದೀಪ ಹೊತ್ತಿದರೆ ಎಲೆಕ್ಟ್ರಿಷಿಯನ್ ಬಂದು ಸರಿಮಾಡುವ ತನಕ ಬೇಸ್ ಬ್ಯಾಗಿನಲ್ಲೇ. ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರನ್ನು ಕಂಡಿದ್ದೇನೆ, ದಯವಿಟ್ಟು ಆ ಕೆಲಸ ಬೇಡ. ಬೇಸನ್ನು ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಇರುವುದೇ ಅದಕ್ಕೆ. ಅದು ಆಡಿಯೋ ತಂತಿಯ ಗ್ರೌಂಡನ್ನಷ್ಟೇ ಬಿಡಿಸುತ್ತದೆ.

ಇನ್ನು ಕೀಬೋರ್ಡಿನವರ ಆ ಎಡಗೈ. ಇಬ್ಬರೂ ತಳದಲ್ಲಿ ನುಡಿಸಿದರೆ ಅರ್ಧ ಕ್ಷಣದ ಹಿಂದುಮುಂದಿಗೇ ಎಲ್ಲ ರಾಡಿ. ಹಲವು ಸೀಸನ್ ಮಾತುಕತೆಯಾಗಿ ನಮ್ಮ ತಂಡದಲ್ಲಿ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಹಳೆಯ ಹಾಡುಗಳಲ್ಲಿ ಅವರು ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಈಚಿನ ಕುಣಿತದ ಹಾಡುಗಳಲ್ಲಿ ಸಿಂಥ್ ಬೇಸ್ ಅವರದು; ಆ ಸದ್ದು ನನ್ನ ವಾದ್ಯದಿಂದ ಹೇಗಿದ್ದರೂ ಬರುವುದಿಲ್ಲ. ಆಗ ನಾನು ವೇದಿಕೆ ಇಳಿದು ಹಿಂದೆ ಹೋಗಿ ಟೀ ಕುಡಿದು ಬರುತ್ತೇನೆ, ಪೇಮೆಂಟಿನಲ್ಲಿ ಅದಕ್ಕೆ ಕಡಿತವಿಲ್ಲ.