ಬರವಣಿಗೆ ಶಿಬಿರಕ್ಕೆ ಹೋಗುವವರಿಗೆ

ಬೆಟ್ಟದ ಮೇಲೋ ನದಿಯ ದಂಡೆಯಲ್ಲೋ ನಡೆಯುವ ಬರವಣಿಗೆ ಶಿಬಿರಕ್ಕೆ ಹೊರಡುವವರಲ್ಲಿ ಹೆಚ್ಚಿನವರು, ಅಲ್ಲಿಗೆ ಹೋದರೆ ಏನಾದರೂ ಹೊಳೆದೀತು ಎಂಬ ನಂಬಿಕೆಯಿಂದ ಹೊರಡುತ್ತಾರೆ. ನಾನು ಕಂಡಂತೆ, ಅಂಥ ಜಾಗದಲ್ಲಿ ಹೊಸದಾಗಿ ಹೊಳೆಯುವುದು ಕಡಿಮೆ. ಅಲ್ಲಿ ನಿಜವಾಗಿ ದೊರೆಯುವುದು ಯಾರೂ ಕರೆಯದ, ಯಾವ ಕೆಲಸವೂ ಅಡ್ಡ ಬಾರದ ಹೊತ್ತು. ಆ ಹೊತ್ತು ಸಾರ್ಥಕವಾಗಬೇಕಾದರೆ ಅರ್ಧಕ್ಕೆ ನಿಂತ ಬರಹವೊಂದು ಮೊದಲೇ ಕೈಯಲ್ಲಿರಬೇಕು.

ಶಿಬಿರವನ್ನು ಆರಿಸುವಾಗ ಅದು ಬರೆಯುವುದನ್ನು ಕಲಿಸುವ ಕಮ್ಮಟವೋ, ಬರೆಯಲು ಜಾಗವನ್ನೂ ಬಿಡುವನ್ನೂ ಮಾತ್ರ ಕೊಡುವ ರೆಸಿಡೆನ್ಸಿಯೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಬ್ರಿಟನ್ನಿನಲ್ಲಿ 1968ರಲ್ಲಿ ಆರಂಭವಾದ ಆರ್ವನ್ ಸಂಸ್ಥೆಯ ವಸತಿ ಕಮ್ಮಟಗಳಲ್ಲಿ, ಹಳ್ಳಿಗಾಡಿನ ಮನೆಯೊಂದರಲ್ಲಿ ಕೆಲವು ದಿನ ಜೊತೆಯಾಗಿ ಉಳಿದು, ಅನುಭವಿ ಬರಹಗಾರರ ಮಾರ್ಗದರ್ಶನದಲ್ಲಿ ಕಲಿಯುತ್ತಾರೆ, ಸರದಿಯ ಮೇಲೆ ಅಡುಗೆಯನ್ನೂ ಮಾಡುತ್ತಾರೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ 1907ರಲ್ಲಿ ಸ್ಥಾಪನೆಯಾದ ಮ್ಯಾಕ್‌ಡೊವೆಲ್ ಎಂಬ ರೆಸಿಡೆನ್ಸಿ ಇದಕ್ಕಿಂತ ಬೇರೆ ಬಗೆಯದು. ಅಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಸ್ಟುಡಿಯೊ ಇರುತ್ತದೆ. ಕೆಲಸಕ್ಕೆ ಭಂಗ ಬಾರದಿರಲೆಂದು ಮಧ್ಯಾಹ್ನದ ಊಟವನ್ನು ಬುಟ್ಟಿಯಲ್ಲಿ ತಂದು ಬಾಗಿಲ ಬಳಿ ಇಟ್ಟುಹೋಗುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಇನ್ನೂ ಕಲಿಯುವ ಹಂತದಲ್ಲಿರುವವರಿಗೆ ಕಮ್ಮಟವೇ ಸರಿ. ಏನು ಬರೆಯಬೇಕೆಂಬುದು ಖಚಿತವಾಗಿದ್ದು, ಬಿಡುವು ಮಾತ್ರ ಇಲ್ಲದವರು ರೆಸಿಡೆನ್ಸಿಗೆ ಅರ್ಜಿ ಹಾಕಬಹುದು. ಅರ್ಜಿಯೊಂದಿಗೆ ಸಾಮಾನ್ಯವಾಗಿ ಬರಹದ ಮಾದರಿಯನ್ನೂ ಕೈಗೊಳ್ಳಲಿರುವ ಕೆಲಸದ ವಿವರವನ್ನೂ ಕೇಳುತ್ತಾರೆ. ಮಾದರಿಯಾಗಿ ಅತಿ ಹೊಸದನ್ನು ಕಳುಹಿಸುವ ಬದಲು ಹಲವು ಸಲ ತಿದ್ದಿದ್ದನ್ನೇ ಕಳುಹಿಸಿ. ಕೋಣೆ ಒಬ್ಬರಿಗೋ ಇಬ್ಬರಿಗೋ, ವಿದ್ಯುತ್ತು ಎಷ್ಟು ಹೊತ್ತು ಇರುತ್ತದೆ, ವೈದ್ಯರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನೆಲ್ಲ ಸಂಕೋಚವಿಲ್ಲದೆ ಮುಂಚೆಯೇ ಕೇಳಬೇಕು.

ಹೊರಡುವ ಒಂದು ವಾರ ಮೊದಲು ನಿಮ್ಮ ಕರಡನ್ನು ಆರಂಭದಿಂದ ಓದಿ, ಎಲ್ಲಿ ನಿಂತಿದೆ, ಏಕೆ ನಿಂತಿದೆ, ಮುಂದೆ ಯಾವ ಸನ್ನಿವೇಶ ಬರಬೇಕು ಎಂಬುದನ್ನು ಅರ್ಧ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಇಡೀ ತಯಾರಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಕರಡಿನ ಮುದ್ರಿತ ಪ್ರತಿಯೊಂದು ಜೊತೆಗಿರಲಿ. ನೆಟ್‌ವರ್ಕ್ ಸಿಗದಿದ್ದರೂ ತೆರೆಯುವಂತೆ ನಿಘಂಟನ್ನೂ ಟಿಪ್ಪಣಿಗಳನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. ದಿನನಿತ್ಯದ ಔಷಧಿ, ಟಾರ್ಚು, ಕಾಲಿಗೆ ಒಗ್ಗಿದ ಹಳೆಯ ಬೂಟುಗಳು ಬೇಕು. ಎತ್ತರದ ಜಾಗಗಳಲ್ಲಿ ಮಂಜು ಕವಿದಾಗ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಶಾಯಿ ಪೆನ್ನಿನ ಅಕ್ಷರಗಳು ಅಂಚಿನಲ್ಲಿ ಹರಡಿಕೊಳ್ಳುತ್ತವೆ. ಅಲ್ಲಿಗೆ ಬಾಲ್ ಪೆನ್ನೋ ಪೆನ್ಸಿಲ್ಲೋ ಒಳ್ಳೆಯದು. ಮನೆಯವರಿಗೆ ದಿನದ ಯಾವ ಹೊತ್ತಿನಲ್ಲಿ ಫೋನ್ ಮಾಡುತ್ತೀರೆಂದು ಹೇಳಿಬಿಟ್ಟರೆ ಉಳಿದ ಹೊತ್ತು ಇಬ್ಬರಿಗೂ ನಿಶ್ಚಿಂತೆ.

ತಲುಪಿದ ದಿನ ಪ್ರಯಾಣದ ದಣಿವು ಇರುವುದರಿಂದ ಏನನ್ನೂ ಬರೆಯದೆ ಮಲಗಿದರೂ ತಪ್ಪಿಲ್ಲ. ಆದರೆ ಮೇಜನ್ನು ಮಾತ್ರ ಅಂದೇ ಸರಿಪಡಿಸಿಕೊಳ್ಳಿ. ಹಿಂದೊಮ್ಮೆ ನನಗೆ ಕಣಿವೆಗೆ ಮುಖ ಮಾಡಿದ ಕಿಟಕಿಯ ಕೋಣೆ ಸಿಕ್ಕಿತ್ತು. ಮಂಜು ಕೆಳಗಿನಿಂದ ಮೇಲೇರುತ್ತ ಒಂದೊಂದೇ ಮರವನ್ನು ಮರೆಮಾಡುವುದನ್ನೂ, ಬಿಸಿಲೇರಿದಂತೆ ಅದೇ ಮರಗಳು ಒಂದೊಂದಾಗಿ ಮರಳಿ ಕಾಣಿಸಿಕೊಳ್ಳುವುದನ್ನೂ ನೋಡುತ್ತ ಎರಡು ದಿನ ಕಳೆದೆ. ಬರೆದದ್ದು ಒಂದು ಪುಟವೂ ಆಗಲಿಲ್ಲ. ಮೂರನೆಯ ಬೆಳಗ್ಗೆ ಮೇಜನ್ನು ಎದುರಿನ ಗೋಡೆಗೆ ಸರಿಸಿ, ಕಿಟಕಿಗೆ ಬೆನ್ನು ಹಾಕಿ ಕೂತ ಮೇಲೆಯೇ ಕೆಲಸ ಸಾಗಿತು. ನೋಟ ಬೆನ್ನ ಹಿಂದಿದ್ದರೂ ಅದರ ಬೆಳಕು ಪುಟದ ಮೇಲೆ ಬೀಳುತ್ತಿತ್ತು, ಅಷ್ಟು ಸಾಕಾಗಿತ್ತು.

ಎಚ್ಚರವಾದ ಮೇಲಿನ ಮೂರು ಗಂಟೆಗಳನ್ನು ಹೊಸ ಬರವಣಿಗೆಗೆ ಮೀಸಲಿಟ್ಟು, ತಿದ್ದುವುದನ್ನೂ ಓದುವುದನ್ನೂ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ದಿನವಿಡೀ ಬರೆಯುತ್ತೇನೆಂದು ಕೂತವರು ಮೂರನೆಯ ದಿನಕ್ಕೆ ಬಳಲಿಹೋಗುವುದನ್ನು ನೋಡಿದ್ದೇನೆ.

ಸುತ್ತಲಿನ ಪ್ರಕೃತಿಯನ್ನು ನೋಡಲೇಬೇಕು, ಆದರೆ ಅದಕ್ಕೊಂದು ಕ್ರಮವಿರಲಿ. ದಿನಕ್ಕೊಂದು ಹೊಸ ದಾರಿ ಹಿಡಿಯುವ ಬದಲು ಒಂದೇ ಮರದ ಬುಡದಲ್ಲಿ, ಪ್ರತಿದಿನ ಅದೇ ಹೊತ್ತಿಗೆ, ಕಾಲು ಗಂಟೆ ಕೂತು ನೋಡಿ. ಮೊದಲ ದಿನ ಬರೀ ಮರ ಕಾಣುತ್ತದೆ. ಆಮೇಲೆ ತೊಗಟೆಯ ಬಿರುಕಿನಲ್ಲಿ ಸಾಲಾಗಿ ಇಳಿಯುವ ಇರುವೆಗಳು, ನೆರಳಿರುವ ಬದಿಯಲ್ಲಷ್ಟೇ ದಟ್ಟವಾಗಿರುವ ಪಾಚಿ, ಹಿಂದಿನ ದಿನ ಇಲ್ಲದ ಒಂದು ಜೇಡರ ಬಲೆ ಕಣ್ಣಿಗೆ ಬೀಳತೊಡಗುತ್ತವೆ. ಕಂಡದ್ದನ್ನು ಪ್ರತ್ಯೇಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಅದನ್ನು ಅಂದೇ ತಂದು ಕಾದಂಬರಿಗೆ ತುರುಕಬೇಡಿ. ಬೇರೆಲ್ಲೋ ನಡೆಯುವ ಕಥೆಯಲ್ಲಿ ಶಿಬಿರದ ಮಂಜು ಬಂದು ಕೂರುವುದು ತೀರ ಸಾಮಾನ್ಯವಾದ ತಪ್ಪು. ಕಾಡುದಾರಿಯಲ್ಲಿ ನಡೆಯುವಾಗ ಯಾವ ಕಡೆಗೆ ಹೋಗುತ್ತೀರೆಂದು ಒಬ್ಬರಿಗಾದರೂ ಹೇಳಿಹೋಗಿ, ಕತ್ತಲಾಗುವ ಮೊದಲೇ ಮರಳಿ.

ಸಂಜೆಯ ಓದಿನಲ್ಲಿ ನಿಮ್ಮ ಸರದಿ ಬಂದಾಗ, ಹೇಗಿದೆ ಎಂದು ಕೇಳುವ ಬದಲು, ಕೇಳುವವರ ಆಸಕ್ತಿ ಎಲ್ಲಿ ತಪ್ಪಿತು, ಯಾವ ಮಾತು ಯಾರದೆಂದು ಎಲ್ಲಿ ಗೊಂದಲವಾಯಿತು ಎಂದು ಬಿಡಿಸಿ ಕೇಳಿ. ಉತ್ತರಗಳನ್ನು ಸಮರ್ಥನೆ ಕೊಡದೆ ಬರೆದುಕೊಳ್ಳಿ. ಅದೇ ರಾತ್ರಿ ತಿದ್ದಲು ಹೋಗಬೇಡಿ. ಇತರರು ಓದುವಾಗಲೂ ಅಷ್ಟೇ ಗಮನವಿಟ್ಟು ಕೇಳುವುದು ನಿಮ್ಮ ಹೊಣೆ. ಮೌನದ ಹೊತ್ತೆಂದು ನಿಗದಿಯಾದ ಗಂಟೆಗಳಲ್ಲಿ ಯಾರ ಬಾಗಿಲನ್ನೂ ತಟ್ಟಬಾರದು.

ಕೊನೆಯ ದಿನ ಹೊಸದೇನನ್ನೂ ಆರಂಭಿಸದೆ, ಉಳಿದ ಕೆಲಸಗಳನ್ನು ಪಟ್ಟಿ ಮಾಡಿ, ಮುಂದಿನ ವಾಕ್ಯದ ಮೊದಲ ಮೂರು ಪದಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಮನೆಗೆ ಬಂದ ಮರುದಿನ ಬಟ್ಟೆ ಒಗೆಯುವ ಮೊದಲೇ ಕಣ್ಣಿಗೆ ಬೀಳುವಂತೆ, ಆ ಚೀಟಿಯನ್ನು ಕರಡಿನ ಮೇಲಿಟ್ಟು ಚೀಲದ ಎಲ್ಲ ಸಾಮಾನಿನ ಮೇಲೆ ಇರಿಸಿ.