ಮರದ ಮಾದರಿ ಹಡಗಿಗೆ ಪಟ್ಟಿ ಕೂರಿಸುವಾಗ

ಮೊದಲ ಸಲ ಹಡಗು ಕಟ್ಟುವವರ ಕೆಲಸ ಹೆಚ್ಚಾಗಿ ಕೆಡುವುದು ಮೂತಿಯ (ಹಡಗಿನ ಮುಂತುದಿಯ) ಹತ್ತಿರ. ಒಡಲನ್ನು ಮುಚ್ಚುವ ತೆಳು ಮರದ ಪಟ್ಟಿಗಳನ್ನು ಇಡೀ ಅಗಲದಲ್ಲೇ ಅಂಟಿಸುತ್ತಾ ಹೋದರೆ ಅಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಏರುತ್ತವೆ. ಅಂಟು ಮುಟ್ಟುವ ಮೊದಲೇ ಲೆಕ್ಕ ಹಾಕಿಕೊಳ್ಳಿ.

ನಡುವಿನ ಬಲ್ಕ್‌ಹೆಡ್‌ನ (ಒಡಲಿಗೆ ಆಕಾರ ಕೊಡುವ ಅಡ್ಡ ಹಲಗೆಯ) ಅಂಚಿಗೆ, ಡೆಕ್‌ನಿಂದ (ಮೇಲಿನ ಅಟ್ಟದಿಂದ) ಕೀಲ್‌ವರೆಗೆ (ಅಡಿಯ ಬೆನ್ನೆಲುಬಿನಂಥ ಉದ್ದ ಮರದವರೆಗೆ), ಕಾಗದದ ಪಟ್ಟಿ ಸುತ್ತಿ ಅಳೆಯಿರಿ. 100 ಮಿ.ಮೀ. ಬಂದರೆ 5 ಮಿ.ಮೀ. ಅಗಲದ 20 ಪಟ್ಟಿ ಬೇಕು. ಮೂತಿಯ ಬಲ್ಕ್‌ಹೆಡ್‌ನಲ್ಲಿ 60 ಮಿ.ಮೀ. ಇದ್ದರೆ ಅದೇ 20 ಪಟ್ಟಿ ಅಲ್ಲಿ ತಲಾ 3 ಮಿ.ಮೀ. ಆಗಬೇಕು. ನಡುವಿನಿಂದ ಮೂತಿಯವರೆಗೆ ನಿಧಾನವಾಗಿ ಸವೆಸಿ. ಅರ್ಧ ಅಗಲಕ್ಕಿಂತ ಕಡಿಮೆ ಮಾಡಬೇಡಿ, ಚೂಪು ತುದಿ ಸೀಳುತ್ತದೆ. ಅಂಥ ಕಡೆ ಎರಡು ಪಟ್ಟಿಯನ್ನು ಒಂದಕ್ಕೆ ಸೇರಿಸುವುದೇ ಸರಿ.

ಇದಕ್ಕೂ ಮುಂಚೆ, ಮೂತಿ ಮತ್ತು ಹಿಂಬದಿಯ ಬಲ್ಕ್‌ಹೆಡ್‌ಗಳ ಅಂಚನ್ನು ಓರೆಯಾಗಿ ಉಜ್ಜಿರಬೇಕು. ಪಟ್ಟಿ ಅಂಚಿನ ಪೂರ್ತಿ ದಪ್ಪಕ್ಕೆ ತಾಗಿ ಕೂರದಿದ್ದರೆ ಅಂಟು ಹಿಡಿಯುವುದಿಲ್ಲ.

ಬಾಗಿಸಲು ಬಾಸ್‌ವುಡ್ (ಒಂದು ಬಗೆಯ ಮೆದು ಮರ) ಪಟ್ಟಿಯನ್ನು ಬಿಸಿನೀರಲ್ಲಿ 15–20 ನಿಮಿಷ ನೆನೆಸಿ, ಒಡಲಿಗೇ ಕ್ಲಿಪ್ ಹಾಕಿ, ರಾತ್ರಿಯಿಡೀ ಒಣಗಲು ಬಿಡಿ. ಒದ್ದೆಯಲ್ಲೇ ಅಂಟಿಸುವ ಆತುರ ಖಂಡಿತ ಬೇಡ: ನೆನೆದ ಮರ ಅಗಲವಾಗಿ ಉಬ್ಬಿರುತ್ತದೆ, ಒಣಗಿದಾಗ ಕುಗ್ಗಿ ಸಾಲು ಸಾಲು ಬಿರುಕು ಬಿಡುತ್ತದೆ. ಮರದ ಅಂಟನ್ನು (ಫೆವಿಕಾಲ್ ಸಾಕು) ಬಲ್ಕ್‌ಹೆಡ್‌ಗೂ ಪಕ್ಕದ ಪಟ್ಟಿಯ ಅಂಚಿಗೂ ತೆಳ್ಳಗೆ ಹಚ್ಚಿ.

ಎಡಕ್ಕೊಂದು, ಬಲಕ್ಕೊಂದು ಪಟ್ಟಿ ಕೂರಿಸುತ್ತಾ ಹೋಗಿ. ಒಂದೇ ಕಡೆ ಐದಾರು ಹಾಕಿದರೆ ಕೀಲ್ ತಿರುಚಿಕೊಳ್ಳುತ್ತದೆ, ಆಮೇಲೆ ನೆಟ್ಟಗೆ ಮಾಡಲು ದಾರಿಯಿಲ್ಲ.