ಪಕ್ಕದ ಓಣಿಯಲ್ಲಿ ಬಾಲ್ಯವಿವಾಹ: ತಡೆಯುವುದು ಹೇಗೆ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಎರಡೇ ವಾರಕ್ಕೆ ಓಣಿಯಲ್ಲಿ ಚಪ್ಪರ ಏಳುತ್ತದೆ. ಮದುವೆ ಹುಡುಗಿ ಯಾರಪ್ಪ ಎಂದು ನೋಡಿದರೆ, ಮೊನ್ನೆ ಮೊನ್ನೆವರೆಗೆ ಎರಡು ಜಡೆ ಹಾಕಿಕೊಂಡು ಸೈಕಲ್ ತುಳಿಯುತ್ತಿದ್ದವಳು. ತಪ್ಪು ಅಂತ ಎಲ್ಲರಿಗೂ ಗೊತ್ತು. ಆದರೆ ಯಾರಿಗೆ ಹೇಳಬೇಕು, ಏನಂತ ಹೇಳಬೇಕು ಅನ್ನುವುದು ಗೊತ್ತಿಲ್ಲದೆ ಊಟ ಮಾಡಿ, ಮುಯ್ಯಿ ಕೊಟ್ಟು ಬರುತ್ತೇವೆ. ಅಲ್ವಾ?

ಮೊದಲು ಕಾನೂನು, ಚುಟುಕಾಗಿ. 2006ರ ಕೇಂದ್ರ ಕಾಯ್ದೆಯ ಪ್ರಕಾರ ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು. ಆ ಕಾಯ್ದೆಯಲ್ಲಿ ಒಂದು ದೊಡ್ಡ ತೂತು ಇತ್ತು. ಬಾಲ್ಯವಿವಾಹ ನಡೆದುಹೋದರೆ ಸಾಮಾನ್ಯವಾಗಿ ಅದು ಊರ್ಜಿತ. ಬೇಡವೆಂದರೆ ಆ ಮಗುವೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಈ ತೂತು ಮುಚ್ಚಿತು. 2017ರಲ್ಲಿ ಅದು ಜಾರಿಯಾದ ಮೇಲೆ ರಾಜ್ಯದಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ತಾಳಿ ಕಟ್ಟಿದರೂ ಕಾನೂನಿನ ಲೆಕ್ಕದಲ್ಲಿ ಮದುವೆಯೇ ಆಗಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಉಳಿದ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿದರೆ ಒಳ್ಳೆಯದು ಎಂದಿತು. ಕರ್ನಾಟಕದಲ್ಲಿ ಜೈಲು ಶಿಕ್ಷೆ ಕನಿಷ್ಠ ಒಂದು ವರ್ಷ, ಗರಿಷ್ಠ ಎರಡು. ದಂಡ ಒಂದು ಲಕ್ಷದವರೆಗೆ. ದೂರು ಕೊಡುವವರಿಲ್ಲ ಎಂದು ಪೊಲೀಸರು ಸುಮ್ಮನಿರುವಂತಿಲ್ಲ, ತಾವಾಗಿಯೇ ಕೇಸು ಹಾಕಬೇಕು.

ಒಂದು: ವಯಸ್ಸು ಗೊತ್ತುಮಾಡಿಕೊಳ್ಳಿ

ಜಗಳವೆಲ್ಲ ಇಲ್ಲೇ ಶುರುವಾಗುವುದು. ಅಧಿಕಾರಿ ಬಂದ ತಕ್ಷಣ ಅಪ್ಪ ಒಳಗಿನಿಂದ ಆಧಾರ್ ಕಾರ್ಡ್ ತರುತ್ತಾನೆ. ಅದರಲ್ಲಿ ಹುಟ್ಟಿದ ದಿನ ಜನವರಿ 1 ಎಂದಿರುತ್ತದೆ, ಲೆಕ್ಕ ಹಾಕಿದರೆ ಹತ್ತೊಂಬತ್ತು. ಅರ್ಧ ಊರೇ ಜನವರಿ ಒಂದರಂದು ಹುಟ್ಟಿದೆ, ಬಿಡಿ. ಮಕ್ಕಳ ವಯಸ್ಸು ನಿರ್ಧರಿಸಲು 2015ರ ಬಾಲನ್ಯಾಯ ಕಾಯ್ದೆ ಒಂದು ಸಾಲು ಹಾಕಿಕೊಟ್ಟಿದೆ. ಮೊದಲು ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡೂ ಸಿಗದಿದ್ದರೆ ಮಾತ್ರ ಮೂಳೆ ನೋಡಿ ವಯಸ್ಸು ಹೇಳುವ ವೈದ್ಯಕೀಯ ಪರೀಕ್ಷೆ. ಈ ಸಾಲಿನಲ್ಲಿ ಆಧಾರ್ ಇಲ್ಲವೇ ಇಲ್ಲ.

ಹಾಗಂತ ನೀವು ದಾಖಲೆ ಹುಡುಕಿಕೊಂಡು ಶಾಲೆಗೆ ಅಲೆಯಬೇಕಿಲ್ಲ. ಹುಡುಗಿ ಯಾವ ಶಾಲೆ, ಯಾವ ಕ್ಲಾಸು ಅಂತ ಗೊತ್ತಿದ್ದರೆ ಸಾಕು. ಉಳಿದದ್ದು ಅಧಿಕಾರಿಗಳ ಕೆಲಸ.

ಎರಡು: ಫೋನ್ ಮಾಡಿ, ಆದಷ್ಟು ಬೇಗ

1098 ಮಕ್ಕಳ ಸಹಾಯವಾಣಿ. ದಿನದ 24 ಗಂಟೆಯೂ ಕೆಲಸ ಮಾಡುತ್ತದೆ, ದುಡ್ಡು ಬೀಳುವುದಿಲ್ಲ. ತಾಳಿ ಕಟ್ಟುವ ಹೊತ್ತಾಗಿದ್ದರೆ ನೇರವಾಗಿ ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಮಾಡಿ. ಮಾತು ಉದ್ದ ಬೇಡ. "ಇಂಥ ಊರು, ಇಂಥ ಓಣಿ. ಒಂಬತ್ತನೇ ಕ್ಲಾಸ್ ಹುಡುಗಿ. ಶುಕ್ರವಾರ ಬೆಳಿಗ್ಗೆ ಮದುವೆ, ಊರ ಹೊರಗಿನ ದೇವಸ್ಥಾನದಲ್ಲಿ." ಇಷ್ಟು ಹೇಳಿ. ಲಗ್ನಪತ್ರಿಕೆ ಕೈಗೆ ಸಿಕ್ಕಿದ್ದರೆ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಅದರಲ್ಲಿ ತಾರೀಖು, ಜಾಗ, ಎರಡೂ ಕಡೆಯವರ ಹೆಸರು ಎಲ್ಲ ಇರುತ್ತದೆ. ನಿಮ್ಮ ಹೆಸರು ಹೇಳಲು ಭಯವಿದ್ದರೆ ಹೇಳಬೇಡಿ.

ಪರಿಚಯದ ಅಂಗನವಾಡಿ ಟೀಚರ್ ಇದ್ದರೆ ಅವರ ಕಿವಿಗೂ ಹಾಕಿ. ಅವರು ಸಿಡಿಪಿಒಗೆ, ಅಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಮುಟ್ಟಿಸುತ್ತಾರೆ. ಸಿಡಿಪಿಒ, ತಹಶೀಲ್ದಾರ್, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇವರೆಲ್ಲ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿಗಳೇ.

ಬೇಗ ಅಂದದ್ದಕ್ಕೆ ಕಾರಣವಿದೆ. ವಾರ ಮುಂಚೆ ಗೊತ್ತಾದರೆ ಅಧಿಕಾರಿ ಮನೆಯವರ ಜೊತೆ ಕೂತು ಮಾತಾಡಬಹುದು. ಮ್ಯಾಜಿಸ್ಟ್ರೇಟ್ ಅವರಿಂದ ತಡೆಯಾಜ್ಞೆಯನ್ನೂ ತರಬಹುದು. ಅರಿಶಿನ ಹಚ್ಚಿ, ನೆಂಟರು ಬಂದು, ಅನ್ನಕ್ಕೆ ಎಸರಿಟ್ಟ ಮೇಲೆ ಯಾವ ಅಪ್ಪನೂ ಮಾತು ಕೇಳುವುದಿಲ್ಲ. ಆಗ ಉಳಿಯುವುದು ಪೊಲೀಸ್ ಜೀಪು, ಕೂಗಾಟ, ಮೂಲೆಯಲ್ಲಿ ಅಳುತ್ತಾ ನಿಂತ ಹುಡುಗಿ.

ಮೂರು: ನೀವು ಮನೆಗೆ ನುಗ್ಗಬೇಡಿ

ವಿಡಿಯೊ ಮಾಡಿ ವಾಟ್ಸ್ಆ್ಯಪ್‌ಗೆ ಬಿಡಬೇಡಿ. ಆ ಮಗುವಿನ ಮುಖ ಊರೆಲ್ಲ ಸುತ್ತುವುದು ಇನ್ನೊಂದು ಶಿಕ್ಷೆ.

ನಾಲ್ಕು: ಮುಚ್ಚಳಿಕೆ ಬರೆಸಿದರು ಎಂದು ನಿರಾಳರಾಗಬೇಡಿ

ಕೆಲವು ವರ್ಷಗಳ ಹಿಂದೆ ನಾನೇ ಹೀಗೆ ಒಂದು ಫೋನ್ ಮಾಡಿದ್ದೆ, ಅದೂ ಮದುವೆಯ ದಿನ ಬೆಳಿಗ್ಗೆ. ಅಧಿಕಾರಿಗಳು ಬಂದರು. ಅಪ್ಪನಿಂದ "ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲ" ಎಂದು ಮುಚ್ಚಳಿಕೆ ಬರೆಸಿಕೊಂಡರು. ಹೆಬ್ಬೆಟ್ಟಿನ ನೀಲಿ ಶಾಯಿಯನ್ನು ಅವನು ಚಪ್ಪರದ ಕಂಬಕ್ಕೆ ಒರೆಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮಾಡಿದ ಅಡುಗೆ ಊರವರೇ ಉಂಡೆವು. ಹತ್ತು ದಿನದ ಮೇಲೆ ಪಕ್ಕದ ತಾಲ್ಲೂಕಿನ ಒಂದು ಗುಡಿಯಲ್ಲಿ, ಬೆಳಕು ಹರಿಯುವ ಮುಂಚೆ ಅದೇ ಹುಡುಗನ ಜೊತೆ ಮದುವೆ ಮುಗಿದಿತ್ತು. ನಾನು ಒಂದು ಫೋನ್ ಮಾಡಿ ಕೈತೊಳೆದುಕೊಂಡಿದ್ದೆ. ಎರಡನೆಯದು ಮಾಡಿರಲಿಲ್ಲ.

ಈ ಎರಡನೆಯ ಫೋನ್ ತುಂಬಾ ಮುಖ್ಯ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರೇ ಎಂದು ಸಿಡಿಪಿಒ ಕಚೇರಿಯಲ್ಲಿ ಕೇಳಿ. ಮದುವೆಯ ಅಪಾಯದಲ್ಲಿರುವ ಮಗು ಬಾಲನ್ಯಾಯ ಕಾಯ್ದೆಯ ಕಣ್ಣಲ್ಲಿ 'ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಗು'. ಸಮಿತಿಯಲ್ಲಿ ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಅವರು ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳುತ್ತಾರೆ. ಮನೆಯಲ್ಲೇ ಇರುತ್ತಾಳೋ, ಸ್ವಲ್ಪ ದಿನ ಬಾಲಮಂದಿರದಲ್ಲಿ ಇರುವುದು ಒಳ್ಳೆಯದೋ ಎಂದು ನಿರ್ಧರಿಸುತ್ತಾರೆ. ಮುಚ್ಚಳಿಕೆಗಿಂತ ಈ ಆದೇಶದ ತೂಕ ಜಾಸ್ತಿ.

ಐದು: ಮದುವೆ ಆಗಿಹೋಗಿದ್ದರೆ?

ಆಗಲೂ 1098ಕ್ಕೆ ಹೇಳಬಹುದು, ಹೇಳಬೇಕು. ಕೇಸು ಹದಿನೆಂಟು ದಾಟಿದ ಗಂಡಿನ ಮೇಲೆ ಬೀಳುತ್ತದೆ. ಮದುವೆ ಮಾಡಿಸಿದವರು, ತಡೆಯದೆ ಬಿಟ್ಟ ಹೆತ್ತವರೂ ತಪ್ಪಿಸಿಕೊಳ್ಳಲಾಗದು. ಸಂಸಾರ ಶುರುವಾಗಿದ್ದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆಯೂ ಸೇರಿಕೊಳ್ಳುತ್ತದೆ. ಮಗು ಹುಟ್ಟಿದ್ದರೆ ಅದರ ಹಕ್ಕಿಗೆ ಕುತ್ತಿಲ್ಲ.

ಆರು: ಶಾಲೆ, ಕಾಲೇಜು ಶುರುವಾಗುವ ಜೂನ್ ತಿಂಗಳಲ್ಲಿ ಒಮ್ಮೆ ವಿಚಾರಿಸಿ

ಮದುವೆ ನಿಂತ ಹುಡುಗಿ ಓದು ಬಿಟ್ಟು ಮನೆಯಲ್ಲೇ ಉಳಿದರೆ ಮುಂದಿನ ಮುಹೂರ್ತಕ್ಕೆ ಮತ್ತೆ ಅದೇ ಮಾತು ಏಳುತ್ತದೆ. ಎಷ್ಟೋ ಹೆತ್ತವರು ಹೇಳುವುದು ಒಂದೇ: "ಕಾಲೇಜು ದೂರ, ಬಸ್ಸಿಲ್ಲ, ದಿನಾ ಯಾರು ಕಾಯೋದು?" ಅದು ಸುಮ್ನೆ ನೆಪ ಅಂತ ತಳ್ಳಿಹಾಕಬೇಡಿ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿವೆ. ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕು. ಅದನ್ನು ನಾಡಕಚೇರಿಯಲ್ಲಿ ಮಾಡಿಸಿಕೊಡಲು ಒಂದು ದಿನ ಆ ಅಪ್ಪನ ಜೊತೆ ನೀವೇ ಹೋಗಿ ಬನ್ನಿ.